ನಾನು ಒದ್ದೆ ಮಾಡಿದ ಕೌದಿ

ಬೆಳಿಗ್ಗೆ ಮರಿಮಗಳು ಚಿಂಗಿ ನನ್ನ ಕೌದಿಯ ಮೇಲೆ ಉಚ್ಚೆ ಹೊಯ್ದಳು. ಐದು ವರ್ಷದ ಹುಡುಗಿ, ನಾಚಿಕೊಂಡು ಬಾಗಿಲ ಹಿಂದೆ ನಿಂತುಬಿಟ್ಟಳು. ಅವಳ ತಾಯಿ ನೇಹಾ, ನನ್ನ ಮೊಮ್ಮಗನ ಹೆಂಡತಿ, ಮೂಗು ಮುಚ್ಚಿಕೊಂಡು, "ಅಜ್ಜಿ, ಇದು ಮಶೀನದಾಗ ಹಿಡಿಯಂಗಿಲ್ಲ. ಫೇಕ್ ದೂಂ ಕ್ಯಾ? ಹೊರಗ ಒಗೀಲೇನು?" ಎಂದಳು.

"ಮೊದಲ ನನ್ನ ಹೊರಗ ಒಗಿ, ಆಮ್ಯಾಲ ಅದನ್ನ," ಎಂದೆ.

ಆ ವಾಸನೆಗೆ ನನಗೆ ರಾಜನ ನೆನಪಾಯಿತು. ನಗಬೇಡಿ, ಹೇಳುತ್ತೇನೆ.

ಇನ್ನೂ ಬ್ರಿಟಿಷರಿದ್ದ ಕಾಲ. ನನಗೆ ಆರು ವರ್ಷ. ಅಪ್ಪ ಪರೇಲಿನ ಬಟ್ಟೆ ಮಿಲ್ಲಿನಲ್ಲಿದ್ದ. ನಾವಿದ್ದ ಒಂದೊಂದೇ ಕೋಣೆಯ ಚಾಳಿನ ತುಂಬ ನಮ್ಮ ಊರ ಕಡೆಯವರೇ. ಊರು ಒಂದು ಚಿಕ್ಕ ಸಂಸ್ಥಾನದ್ದು. ರಾಜನ ಮನೆಯಲ್ಲಿ ಏನೇ ನಡೆದರೂ ಮನೆಗೊಬ್ಬರು ಹೋಗಿ ಬಿಟ್ಟಿ ದುಡಿಯಬೇಕು. ಕೂಲಿ ಇಲ್ಲ, ಬೈಗುಳ ಧಾರಾಳ. ಆ ವರ್ಷ ರಾಜನ ಮಗನ ಮದುವೆ. ಈ ಸಲ ಯಾರೂ ಹೋಗಬೇಡಿ ಎಂದು ಚಾಳಿನ ಗಂಡಸರು ನೂರು ಹಾಳಿ ಅಚ್ಚು ಹಾಕಿಸಿದರು. ಅದು ಯಾರ ಹತ್ತಿರ ಸಿಕ್ಕರೂ ಜೈಲು. ಗಡಿಯ ನಾಕಾದಲ್ಲಿ ಗಂಡಸರ ಧೋತರ ಬಿಚ್ಚಿಸಿ ನೋಡುತ್ತಿದ್ದರು.

ಅವ್ವ ಬಸುರಿ, ನನ್ನನ್ನು ಕಟ್ಟಿಕೊಂಡು ಅದೇ ಊರಿನ ತವರಿಗೆ ಹೊರಟಿದ್ದಳು. ಬಸುರಿಯ ಗಂಟಿನಲ್ಲಿ ಕೌದಿ ಇರದೆ ಮತ್ತೇನಿರುತ್ತದೆ? ಚಾಳಿನ ಹೆಂಗಸರು ಎರಡು ಮಧ್ಯಾಹ್ನ ಕೂತು, ಹಳೆ ಸೀರೆಗಳ ನಡುವೆ ಹಾಳಿ ಹಾಸಿ ಹೊಲಿದರು. ಒಬ್ಬಳಿಗೂ ಓದಲು ಬರುತ್ತಿರಲಿಲ್ಲ. ಈಗ ಅಂಧೇರಿಯ ಅಂಗಡಿಯಲ್ಲಿ ಕೌದಿಯನ್ನು ಗಾಜಿನ ಹಿಂದೆ ಇಟ್ಟು ಮಾರುತ್ತಾರಂತೆ. ಅದರ ಮೇಲೆ ಯಾರೂ ಹೊಯ್ದಿರುವುದಿಲ್ಲ, ಅದಕ್ಕೇ ರೇಟು ಜಾಸ್ತಿ.

ನಾಕಾದಲ್ಲಿ ಸಿಪಾಯಿ, ನಾನು ಕೂತಿದ್ದ ಕೌದಿಯನ್ನು ಕೈಯಿಂದ ಒತ್ತಿದ. ಚರಚರ ಅಂತು.

"ಏನವ್ವಾ, ಕೌದಿ ಮಾತಾಡತೈತಲ್ಲ?"

"ಗಂಜಿ ಹಾಕಿದ ಅರಿವಿ, ಯಪ್ಪಾ."

"ಹೌದ? ಏ, ಕುಡಗೋಲ ತಗೊಂಡ ಬಾರೋ!"

ಕುಡಗೋಲು ಕಂಡದ್ದೇ ನನಗೆ ತಡೆಯಲಿಲ್ಲ. ಬೆಚ್ಚಗೆ ಹರಿದು ಅವನ ಕೈವರೆಗೂ ಹೋಯಿತು. "ಥೂ! ಹಳ್ಳದಾಗ ತೊಳಕೊಂಡ ನಡೀರಿ!" ಎಂದು ಹಾರಿ ನಿಂತ. ಅವನು ನೋಡುತ್ತಿದ್ದಾನೆ, ಅವ್ವ ಅದ್ದಲೇಬೇಕಾಯಿತು. ಅದ್ದಿ, ಹಿಂಡಿ, ನನ್ನ ಬೆನ್ನಿಗೊಂದು ಗುದ್ದಿದಳು. ನಾಟಕಕ್ಕಲ್ಲ.

ಸೋದರಮಾವ ಆಮೇಲೆ ಊರಿಗೆಲ್ಲ ಹೇಳಿದ, ಹುಡುಗಿ ಬೇಕೆಂದೇ ಹೊಯ್ದಳು, ಎಂಥ ಧೈರ್ಯ ಎಂದು. ಇಷ್ಟು ವರ್ಷ ನಾನೂ ಹೂಂ ಅಂದುಕೊಂಡೇ ಬಂದೆ. ನಿಮಗೆ ನಿಜ ಹೇಳುತ್ತೇನೆ: ಹೆದರಿ ಹೊಯ್ದದ್ದು.

ತವರಿನಲ್ಲಿ ಹೊಲಿಗೆ ಬಿಚ್ಚಿದರೆ ಹಾಳಿಗಳೆಲ್ಲ ಮುದ್ದೆ. ಮಾವ ತಲೆ ಮೇಲೆ ಕೈಯಿಟ್ಟು ಕೂತ. "ಹಾಳಾತಲ್ಲಕ್ಕಾ. ಮೂರ ಉಳದಾವ."

ಅವ್ವ ಕಾಲು ಚಾಚಿ ಸೊಂಟ ಒತ್ತಿಕೊಳ್ಳುತ್ತಿದ್ದಳು. "ಊರಾಗ ಓದಾಕ ಎಷ್ಟ ಮಂದಿಗೆ ಬರತೈತಿ?"

"ನನಗ."

"ಮತ್ತ ಮೂರ ಯಾಕೋ? ಒಂದ ಸಾಕು. ಓದ ಹೋಗು."

ನೂರು ಹಾಳಿ ಅಚ್ಚು ಹಾಕಿಸಿದ ಗಂಡಸರಿಗೆ ಇದು ಹೊಳೆದಿರಲಿಲ್ಲ. ಮಾವ ಮನೆ ಮನೆಗೂ ಹೋಗಿ ಓದಿದ. ಮದುವೆಗೆ ಕಟ್ಟಿಗೆ ಹೊರುವ ದಿನ ರಾಜನ ಸವಾರ ಬಂದು ಬಾಗಿಲು ಬಡಿದ. ಒಂದೊಂದು ಬಾಗಿಲ ಹಿಂದಿನಿಂದಲೂ ಒಂದೇ ಕೂಗು: "ಮನ್ಯಾಗ ಯಾರೂ ಇಲ್ರೀ!" ಅವ್ವನ ತಾಯಿ ಒಬ್ಬಳೇ ಬಾಗಿಲು ತೆರೆದಳು. "ನಾ ಅದೀನಿ. ಬರಂಗಿಲ್ಲ."

ಮರುದಿನ ಓಣಿಯವರೆಲ್ಲ ಬಾಗಿಲು ತೆರೆದೇ ಅದನ್ನೇ ಹೇಳಿದರು. ಮುಂದೆ ಮಾವ ಜೈಲಿಗೆ ಹೋದ, ಜನ ಹೆಚ್ಚಿದರು, ರಾಜ ಗದ್ದುಗೆ ಇಳಿದ. ಅದನ್ನೆಲ್ಲ ಓದಿದವರು ಬರೆಯಲಿ. ಶುರುವಾದದ್ದು ನಾನು ಕಂಡಿದ್ದೇನೆ.

ಚಿಂಗಿಯನ್ನು ಬಾಗಿಲ ಹಿಂದಿನಿಂದ ಎಳೆದು ತಂದು ಇಷ್ಟನ್ನೂ ಹೇಳಿದೆ, ಹೆದರಿದ್ದನ್ನೂ ಸೇರಿಸಿ.

"ಅಜ್ಜಿ, ನೀನೂ?"

"ಹೂಂ. ನಾನೂ."

ಹುಡುಗಿ ಬಿದ್ದು ಬಿದ್ದು ನಕ್ಕಳು. ಇಬ್ಬರೂ ಕೌದಿ ತೊಳೆದು ಬಾಲ್ಕನಿಯ ಹೊರಗೆ ಹರವಿದೆವು. ಗೋರೆಗಾಂವಿನ ಈ ಬಿಲ್ಡಿಂಗಿನಲ್ಲಿ ಹೊರಗೆ ಬಟ್ಟೆ ಒಣಹಾಕಬಾರದೆಂಬ ಕಾನೂನಿದೆ. ಹತ್ತು ನಿಮಿಷಕ್ಕೆ ಇಂಟರ್‌ಕಾಮ್ ಬಡಿದುಕೊಂಡಿತು.

"ಅಜ್ಜಿ, ಬಿಲ್ಡಿಂಗಿನ ಸೆಕ್ರೆಟರಿ! ಎತ್ತೋದು ಬ್ಯಾಡ, ಮನ್ಯಾಗ ಯಾರೂ ಇಲ್ಲ ಅನ್ಕೋತಾರ," ಎಂದಳು ನೇಹಾ.

ಅಷ್ಟರಲ್ಲಿ ಚಿಂಗಿ ಓಡಿಹೋಗಿ ಎತ್ತಿದಳು. "ನಾವು ಅದೀವಿ. ತೆಗಿಯಂಗಿಲ್ಲ."

ಸೆಕ್ರೆಟರಿಗೆ ಕನ್ನಡ ಬಾರದು. ಆದರೂ ತಿಳಿದಿರಬೇಕು, ಮತ್ತೆ ಫೋನ್ ಬರಲಿಲ್ಲ. ಸಂಜೆಯೊಳಗೆ ಕೌದಿ ಒಣಗಿತು.