ಹಸಿ ಸ್ಲ್ಯಾಬಿನ ಮೇಲೆ ನಾರಾವಿಯ ಮೋಡ

ಅಕ್ಟೋಬರ್ ಹನ್ನೆರಡು, ಭಾನುವಾರ. ಮೊದಲ ಹನಿ ಬಿದ್ದಾಗ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಸಿದ್ಧಕಟ್ಟೆಯಲ್ಲಿ ಅಕ್ಕನ ಹೊಸ ಮನೆಯ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿ ಮುಗಿದು ಇನ್ನೂ ಎರಡು ಗಂಟೆ ಆಗಿರಲಿಲ್ಲ.

ಆ ದಿನವನ್ನು ಆರಿಸಿಕೊಟ್ಟವಳು ನಾನು. ಭಾವನ ರಜೆ ಆ ಶುಕ್ರವಾರಕ್ಕೆ ಮುಗಿಯುವುದಿತ್ತು. ಸೌದಿಗೆ ಮರಳುವ ಮೊದಲು ಮನೆಗೊಂದು ಮಾಡು, ಒಂದು ಸೂರು ಆದದ್ದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ಮುಂದಿನ ರಜೆ ಸಿಗುವುದು ಎರಡು ವರ್ಷದ ಮೇಲೆ. ಆದರೆ ಹಸಿ ಕಾಂಕ್ರೀಟಿನ ಮೇಲೆ ದಪ್ಪ ಹನಿಯ ಮಳೆ ಹೊಡೆದರೆ ಸಿಮೆಂಟು ತೊಳೆದುಹೋಗಿ ಜಲ್ಲಿ ಮೇಲೆ ಕಾಣುತ್ತದೆ, ಆಮೇಲೆ ಪ್ರತಿ ಮಳೆಗಾಲವೂ ಒಳಗೆ ಸೋರುತ್ತದೆ. ಫೋನಿನ ಹವಾಮಾನದ ಆ್ಯಪ್ ಬಂಟ್ವಾಳಕ್ಕೂ ಬೆಳ್ತಂಗಡಿಗೂ ಮೂಡುಬಿದಿರೆಗೂ ಇಡೀ ವಾರ ಒಂದೇ ಚಿತ್ರ ತೋರಿಸುತ್ತಿತ್ತು: ಒಂದು ಮೋಡ, ಅದರಡಿ ಒಂದು ಮಿಂಚು. ಹಾಗಾಗಿ ಅಕ್ಕ ನನ್ನನ್ನು ಕೇಳಿದಳು.

ನಮ್ಮ ಕಡೆ ಮಳೆ ಅಳೆಯುವವರು ಬಹಳ ಮಂದಿ. ಅಂಗಳದಲ್ಲಿ ಮಳೆಮಾಪಕ ಇಟ್ಟು, ಬೆಳಿಗ್ಗೆ ನೀರು ಅಳೆದು, ಇಷ್ಟು ಮಿಲಿಮೀಟರ್ ಎಂದು ವಾಟ್ಸಾಪ್ ಗುಂಪಿಗೆ ಹಾಕುವುದು ಚಹಾ ಕುಡಿದಷ್ಟೇ ಮಾಮೂಲಿ. ನಾನೂ ಅಳೆಯುತ್ತೇನೆ. ಮೂಡುಬಿದಿರೆಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಒಂದೊಂದೇ ಊರಿನ ಲೆಕ್ಕ ಓದುತ್ತಾ ಕೂರುತ್ತೇನೆ. ಕಿಟಕಿಯ ಹೊರಗೆ ಒಂದು ಊರು ಹಾದುಹೋಗುತ್ತಿರುತ್ತದೆ. ಕೈಯಲ್ಲಿ ಅದೇ ಊರಿನ ನಿನ್ನೆಯ ಮಳೆ ಇರುತ್ತದೆ. ಎರಡೂ ಬೇರೆ ಬೇರೆ ಊರುಗಳೇನೋ ಅನ್ನಿಸಿ ಎಷ್ಟೋ ಸಲ ನಿದ್ದೆ ಹತ್ತಿಬಿಟ್ಟಿದೆ.

ಜೂನ್‌ನ ಮೋಡ ಕಡಲಿನಿಂದ ಬರುತ್ತದೆ. ತಗ್ಗಿನಲ್ಲೇ ತೇಲುತ್ತಾ, ಒಳಗಿನ ಸಣ್ಣ ಸಣ್ಣ ಹನಿಗಳು ಒಂದಕ್ಕೊಂದು ತಾಗಿ, ಕೂಡಿ, ಭಾರವಾಗಿ ಕೆಳಗಿಳಿಯುತ್ತವೆ. ಅಕ್ಟೋಬರಿನದು ಹಾಗಲ್ಲ. ಬೆಳಗಿನ ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೆದ್ದು ಘಟ್ಟದ ಬುಡದಲ್ಲಿ ಮೋಡ ಕಟ್ಟುತ್ತದೆ. ಮೂಡುಗಾಳಿ ಅದನ್ನು ಅಲ್ಲಿನ ನಾರಾವಿಯಿಂದ ನಮ್ಮ ಕಡೆಗೆ, ಮತ್ತೆ ಬಿ.ಸಿ.ರೋಡಿನ ಕಡೆಗೆ ತಳ್ಳುತ್ತದೆ. ಆ ತಿಂಗಳು ಅದುವರೆಗೆ ನಾರಾವಿಯಲ್ಲಿ ಏಳು ಸಲ ಮಳೆ ಬಂದಿತ್ತು, ನಮ್ಮಲ್ಲಿ ನಾಲ್ಕೇ ಸಲ, ಅದೂ ಸಂಜೆಯ ನಂತರ. ಭಾನುವಾರ ಬೆಳಿಗ್ಗೆ ಬೇಗ ಶುರು ಮಾಡಿ ಊಟದ ಹೊತ್ತಿಗೆ ಮುಗಿಸಿದರೆ ಸಾಕು ಎಂದೆ. ನಾರಾವಿಯಲ್ಲಿರುವ ದೊಡ್ಡಮ್ಮನಿಗೆ, ಅಲ್ಲಿ ಹನಿ ಬಿದ್ದ ಕೂಡಲೇ ಫೋನ್ ಮಾಡಬೇಕೆಂದು ಹೇಳಿಟ್ಟೆ.

ಕೆಲಸ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಫೋನ್ ಬಂತು.

"ಬಂತು ಮಾರಾಯ್ತಿ," ಎಂದರು ದೊಡ್ಡಮ್ಮ. "ಒಂದೊಂದು ಹನಿ ನೆಲ್ಲಿಕಾಯಿಯ ಹಾಗೆ ಉಂಟು. ಬೇಗ ಮುಚ್ಚಿ ನೀವು."

ಮೇಸ್ತ್ರಿ ಎದ್ದು ಹೊರಗೆ ನೋಡಿದರು. ನಮ್ಮ ತಲೆಯ ಮೇಲೆ ಒಳ್ಳೆಯ ಬಿಸಿಲು. ನಾನು ಮೋಡದ ಪಾಠ ಹೇಳಿದಂದಿನಿಂದ ಅವರು ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು. "ನಾರಾವಿಯ ಮಳೆಗೆ ಸಿದ್ಧಕಟ್ಟೆಯಲ್ಲಿ ಕೊಡೆ ಬಿಡಿಸುವುದಾ ಟೀಚರೇ?" ಎಂದು ನಕ್ಕರು. ಆದರೂ ಟರ್ಪಾಲು ತರಿಸಿದರು. ಅದು ಸ್ಲ್ಯಾಬಿನ ಅರ್ಧಕ್ಕೆ ಮಾತ್ರ ಸಾಲುತ್ತಿತ್ತು. ಇನ್ನೊಂದನ್ನು ಹುಡುಕಿಕೊಂಡು ಭಾವ ಪೇಟೆಗೆ ಹೋದರು. ಭಾನುವಾರ ಅಂಗಡಿ ಮುಚ್ಚಿತ್ತೆಂದು ಬರಿಗೈಯಲ್ಲಿ ವಾಪಸಾದರು.

ಅಷ್ಟರಲ್ಲಿ ಮೂಡಣದ ಮೋಡ ಕಾಣಿಸಿತ್ತು. ಅದರ ತಲೆ ಕಾವಲಿಯ ಮೇಲಿನ ದೋಸೆಹಿಟ್ಟಿನಂತೆ ಚಪ್ಪಟೆಯಾಗಿ ನಮ್ಮತ್ತ ಹರಡುತ್ತಿತ್ತು. ಬಿಸಿಲು ಮೊದಲು ಹಳದಿಯಾಯಿತು, ಆಮೇಲೆ ಬಣ್ಣವೇ ಇಲ್ಲದ್ದಾಯಿತು. ಅಂಥ ಮೋಡದ ಮೇಲ್ಭಾಗವೆಲ್ಲ ಮಂಜುಗಡ್ಡೆ. ಒಳಗಿನ ಗಾಳಿ ಮೇಲಕ್ಕೆ ಎತ್ತಿ ಹಿಡಿದಷ್ಟು ಹೊತ್ತೂ ಗಡ್ಡೆ ದಪ್ಪವಾಗುತ್ತದೆ. ಹಿಡಿತ ತಪ್ಪಿದಾಗ ಕೆಳಗೆ ಬೀಳುತ್ತದೆ. ದಾರಿಯಲ್ಲಿ ಕರಗಿದರೆ ನೆಲ್ಲಿಕಾಯಿ ಗಾತ್ರವೆಂದು ದೊಡ್ಡಮ್ಮ ಹೇಳಿದ ಆ ಹನಿ, ಕರಗದಿದ್ದರೆ ಆಲಿಕಲ್ಲು. ನಾನು ಏಣಿಯ ಮೇಲೆ, ಮುಚ್ಚದ ಅರ್ಧದ ಅಂಚಿನಲ್ಲಿ ನಿಂತಿದ್ದೆ. ಕೆಳಗೆ ಅಕ್ಕ ಏಣಿ ಹಿಡಿದುಕೊಂಡಿದ್ದಳು.

ಮೊದಲ ಹನಿ ಮುಂಗೈಗೆ ಬಿತ್ತು. ಸಾಸಿವೆಯಷ್ಟಿತ್ತು. ಎರಡನೆಯದೂ ಅಷ್ಟೇ. ಗುಡುಗು ದೂರದಲ್ಲಿ ಒಮ್ಮೆ ಉರುಳಿ ನಿಂತುಹೋಯಿತು. ಮತ್ತೆ ಸದ್ದೇ ಇಲ್ಲದೆ, ಗಾಳಿಯೂ ಇಲ್ಲದೆ, ಬೂದು ಬೆಳಕಿನಲ್ಲಿ ಸೋನೆ ಇಳಿಯತೊಡಗಿತು. ಮೋಡ ದಾರಿಯಲ್ಲೇ ದಣಿದಿತ್ತು. ಗಾಳಿಯ ಹಿಡಿತ ಸಡಿಲಿದ ಮೇಲೆ, ತುದಿಯಲ್ಲಿ ಉಳಿದ ಹಿಮ ದಪ್ಪಗಾಗದೆ ಎಸಳು ಎಸಳಾಗಿ, ಅವಸರವಿಲ್ಲದೆ ಇಳಿದು, ಅರ್ಧ ದಾರಿಯಲ್ಲಿ ಕರಗುತ್ತದೆ. ಆ ಹೊತ್ತಿಗೆ ಸಿದ್ಧಕಟ್ಟೆಯ ಮೇಲೆ, ಕಣ್ಣಿಗೆ ಕಾಣದಷ್ಟು ಎತ್ತರದಲ್ಲಿ, ಹಿಮ ಬೀಳುತ್ತಿತ್ತು. ನಾವ್ಯಾರೂ ಹಿಮ ಕಂಡವರಲ್ಲ. ನಾನು ಅಂಗೈ ಚಾಚಿ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆ ಹೊತ್ತಿನ ಲೆಕ್ಕ ನನ್ನಲ್ಲಿಲ್ಲ.

ಕೆಳಗೆ ಬಗ್ಗಿ ಅಕ್ಕನಿಗೆ ಹೇಳಿದೆ, ಇದು ಸ್ವಲ್ಪ ಮೊದಲು ಹಿಮವಾಗಿತ್ತು ಎಂದು.

"ಹಿಮವೋ ಮತ್ತೊಂದೋ," ಎಂದಳು ಅಕ್ಕ. "ಹೊಂಡ ಬೀಳ್ತದಾ ಇಲ್ವಾ, ಅದು ಹೇಳು."

ಬೀಳಲಿಲ್ಲ. ಮೇಲೆ ನಿಂತ ನೀರು ತಿಳಿಯಾಗಿಯೇ ಇತ್ತು, ಸಿಮೆಂಟಿನ ಬಣ್ಣ ಬಂದಿರಲಿಲ್ಲ. ಹಾಳಾದದ್ದು ಮುಚ್ಚಿದ ಅರ್ಧ. ಟರ್ಪಾಲಿನ ತಗ್ಗುಗಳಲ್ಲಿ ನೀರು ತುಂಬಿ, ಅದರ ಭಾರಕ್ಕೆ ಹಸಿ ಕಾಂಕ್ರೀಟಿನ ಮೇಲೆ ಮಡಿಕೆಗಳ ಗುರುತು ಒತ್ತಿಕೊಂಡಿತ್ತು. ಸಂಜೆ ಟರ್ಪಾಲು ಎತ್ತಿದಾಗ ಭಾವ ಎರಡೂ ಕಡೆ ನೋಡಿ, "ಮಳೆ ಬಿದ್ದಲ್ಲಿ ಚಂದ ಉಂಟು, ಮಳೆಯಿಂದ ಕಾಪಾಡಿದಲ್ಲಿ ಬರೆ ಬಿದ್ದಿದೆ. ನಿನ್ನ ಹವಾಮಾನ ಭಾರೀ ಆಯ್ತು," ಎಂದರು. ಗುರುತು ಮೇಲ್ಮೈಯಲ್ಲಷ್ಟೇ ಇದೆ, ಸೋರುವುದಿಲ್ಲ, ತೇಪೆ ಹಾಕಿ ಸಮ ಮಾಡುವ ಎಂದು ಮೇಸ್ತ್ರಿ ಸಮಾಧಾನ ಹೇಳಿದರು. ಮುಚ್ಚಿದವರು ತಾವೇ ಆದ್ದರಿಂದ ಹೆಚ್ಚು ನಗಲಿಲ್ಲ.

ಭಾವ ಶುಕ್ರವಾರ ಹೊರಟರು. ಹೊರಡುವ ಮುನ್ನ ಮೇಲೆ ಹತ್ತಿ, ಕಾಂಕ್ರೀಟ್ ಗಟ್ಟಿಯಾಗಲೆಂದು ಸ್ಲ್ಯಾಬಿನಲ್ಲಿ ಕಟ್ಟಿ ನಿಲ್ಲಿಸಿದ್ದ ನೀರಿನಲ್ಲಿ ಬರಿಗಾಲಲ್ಲಿ ಒಂದು ಸುತ್ತು ನಡೆದು ಬಂದರು.

ಆ ಭಾನುವಾರದ ಮಳೆ, ಗುಂಪಿನ ಲೆಕ್ಕದಲ್ಲಿ, ನಾರಾವಿಗೆ ನಲವತ್ತೊಂದು ಮಿಲಿಮೀಟರ್, ನಮಗೆ ಮೂರು. ಮೋಡ ಅದೇ ಬಿರುಸಿನಲ್ಲಿ ಬಂದಿದ್ದರೆ ಮುಚ್ಚದ ಅರ್ಧ ಉಳಿಯುತ್ತಿರಲಿಲ್ಲ. ನನ್ನ ಲೆಕ್ಕ ಅಲ್ಲಿ ಯಾವ ಕೆಲಸಕ್ಕೂ ಬಂದಿಲ್ಲ. ಈಗ ನೆರೆಯವರಿಬ್ಬರು ತಮ್ಮ ಸ್ಲ್ಯಾಬಿಗೂ ದಿನ ಕೇಳುತ್ತಿದ್ದಾರೆ, ನಾನು ಕೊಟ್ಟಿಲ್ಲ. ನಾರಾವಿಯಲ್ಲಿ ಸುರಿಯುತ್ತಿರುವ ಮೋಡ ನಮ್ಮಲ್ಲಿಗೆ ಬರುವಾಗ ಬಿರುಸಾಗಿರುತ್ತದೋ ದಣಿದಿರುತ್ತದೋ ಎಂದು ಮೊದಲೇ ತಿಳಿಯಲು ಏನನ್ನು ನೋಡಬೇಕು? ಗಾಳಿಯನ್ನೋ, ಮೋಡದ ತಲೆಯನ್ನೋ, ಬೆಳಗಿನ ಸೆಕೆಯನ್ನೋ? ಬಲ್ಲವರು ದಯವಿಟ್ಟು ನನಗೆ ಬರೆಯಿರಿ.