ಎಮ್ಮೆ ತಿಂದ ಬಂದೂಕು

ನಮ್ಮ ಮಾವನವರು ಪಲ್ಟಣದಿಂದ ಹವಾಲ್ದಾರರಾಗಿ ನಿವೃತ್ತರಾಗಿ ನಮ್ಮ ಸತ್ತಿ ಊರಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಎಲ್ಲವೂ ಸಾಲಿನಲ್ಲಿ ನಿಲ್ಲತೊಡಗಿತು. ಹೊರಸಿನ ಕೆಳಗೆ ಚಪ್ಪಲಿ, ನೀರೊಲೆಯ ಪಕ್ಕ ಕಟ್ಟಿಗೆ, ಬೆಳಗಿನ ಚಹಾಕ್ಕೆ ಮೊಮ್ಮಕ್ಕಳು. ಅತ್ತೆಯವರು ಮಾತ್ರ ಯಾವ ಸಾಲಿಗೂ ಸೇರಲಿಲ್ಲ. "ನಾ ಏನ್ ಪಲ್ಟಣಕ್ಕ ಭರತಿ ಆಗಿಲ್ಲ," ಎನ್ನುತ್ತಿದ್ದರು.

ಹೊಳೆಗೆ ಇಳಿಯುವ ದಾರಿಯಲ್ಲಿ, ನಮ್ಮ ಕಬ್ಬಿನ ಹೊಲದ ಬದುವಿಗೆ ಅಂಟಿಕೊಂಡು ಒಂದು ವೀರಗಲ್ಲು ಇತ್ತು. ಎದೆಯೆತ್ತರದ ಕಲ್ಲು, ಅದರಲ್ಲಿ ಕತ್ತಿ ಹಿಡಿದ ಗಂಡಸು. ಮೀಸೆ ಉಳಿದಿತ್ತು, ಮೂಗು ಸವೆದಿತ್ತು. ಯಾವ ಕಾಲದವನು, ಯಾರ ಪರವಾಗಿ ಬಡಿದಾಡಿ ಸತ್ತ, ಯಾರಿಗೂ ಗೊತ್ತಿರಲಿಲ್ಲ. ಮರಾಠಿ ಮನೆಮಾತಿನವರು ಅವನು ತಮ್ಮವನೆನ್ನುತ್ತಿದ್ದರು, ಕನ್ನಡದವರು ತಮ್ಮವನೆನ್ನುತ್ತಿದ್ದರು. ಎಮ್ಮೆಯ ಮೈ ತಿಕ್ಕಲು ಹೋದಾಗ ಹಗ್ಗವನ್ನು ಮಾತ್ರ ಎರಡೂ ಕಡೆಯವರು ಅವನಿಗೇ ಕಟ್ಟುತ್ತಿದ್ದರು.

ಮಾವನವರಿಗೆ ಇದನ್ನು ಸಹಿಸಲು ಆಗಲಿಲ್ಲ. ದಿಲ್ಲಿಯಲ್ಲಿ, ಗುರುತು ಸಿಗದೆ ಹೋದ ಸಿಪಾಯಿಗಳ ಸ್ಮಾರಕದ ಮುಂದೆ ಅವರು ಒಮ್ಮೆ ಪಹರೆ ನಿಂತವರು. ಅಲ್ಲಿ ಬಂದೂಕನ್ನು ತಲೆಕೆಳಗು ಮಾಡಿ, ನಳಿಗೆಯನ್ನು ಬೂಟಿನ ಮೇಲಿಟ್ಟು, ಹಿಡಿಯ ಮೇಲೆ ಎರಡೂ ಕೈ ಇರಿಸಿ ತಲೆ ಬಾಗಿಸುತ್ತಾರಂತೆ. ಸೊಳ್ಳೆ ಕಚ್ಚಿದರೂ ಅಲುಗುವಂತಿಲ್ಲವಂತೆ. ನಾನು ರೊಟ್ಟಿ ಬಡಿಯುತ್ತಿದ್ದಾಗ ಕಸಬರಿಗೆ ಹಿಡಿದು ಇದನ್ನೆಲ್ಲ ಮಾಡಿ ತೋರಿಸಿದರು.

"ನಮ್ಮೂರ ಸಿಪಾಯಿಗೂ ಹೆಸರಿಲ್ಲ. ಅಲ್ಲಿ ಸಲಾಮಿ, ಇಲ್ಲಿ ಎಮ್ಮಿ ಹಗ್ಗ. ಇದ್ಯಾವ ನ್ಯಾಯ?"

"ಕಸಬರಿಗಿ ಕೆಳಗ ಇಡ್ರಿ ಮೊದಲ," ಎಂದರು ಅತ್ತೆ.

ಎಂಬತ್ತರ ದಶಕದ ಕೊನೆಯ ಮಾತು. ಜನವರಿ ಇಪ್ಪತ್ತಾರಕ್ಕೆ ಶಾಲೆಯ ಝಂಡಾವಂದನೆ ಮುಗಿದ ಮೇಲೆ ಕಲ್ಲಿನ ಮುಂದೆ ಸಲಾಮಿ ಎಂದು ಮಾವನವರು ಸಾರಿದರು.

ಅದನ್ನು ಕೇಳಿ ಮೊದಲು ಬಂದವಳು ನಮಗೆ ಹಾಲು ಹಾಕುತ್ತಿದ್ದಾಕೆ. ಹಿಂದಿನ ಓಣಿಯಲ್ಲಿ ಎಮ್ಮೆ ಕಟ್ಟಿಕೊಂಡು ಬದುಕು ಮಾಡುತ್ತಿದ್ದಳು. ಅವಳ ಗಂಡ ಮಾವನವರ ಪಲ್ಟಣದಲ್ಲೇ ಇದ್ದ. ಎಪ್ಪತ್ತೊಂದರ ಲಡಾಯಿಯಲ್ಲಿ ಪತ್ತೆಯಿಲ್ಲ ಎಂಬ ಸುದ್ದಿ ಬಂತು, ಹೆಣ ಬರಲಿಲ್ಲ. ಹೆಣ ಬರದ ಮೇಲೆ ನಾನು ಯಾಕೆ ಕುಂಕುಮ ಅಳಿಸಲಿ ಎಂದು ಇವಳು ಅಳಿಸಿರಲಿಲ್ಲ. ಸಂಕ್ರಾಂತಿಯ ಅರಿಷಿಣ ಕುಂಕುಮಕ್ಕೆ ಹೋದಾಗ ಕೆಲವು ಹಿರಿಯ ಹೆಂಗಸರ ಬೆರಳು ಇವಳ ಹಣೆಯ ಹತ್ತಿರ ಬಂದು ಸ್ವಲ್ಪ ತಡೆಯುತ್ತಿತ್ತು. ಆ ಸ್ವಲ್ಪವನ್ನು ಆಕೆ ನೋಡುತ್ತಿದ್ದಳು, ನಾವೂ ನೋಡುತ್ತಿದ್ದೆವು. ಅದಕ್ಕೇ ನಮ್ಮ ಮನೆಯಲ್ಲಿ ಅತ್ತೆ ಮೊದಲು ಅವಳಿಗೇ ಹಚ್ಚುತ್ತಿದ್ದರು.

ಹಾಲಿನ ಚರಿಗೆ ಕೆಳಗಿಡದೆ ಬಾಗಿಲಲ್ಲೇ ನಿಂತು ಹೇಳಿದಳು. "ಅಣ್ಣಾರ, ಕಲ್ಲಿಗೆ ಏನರ ಮಾಡ್ಕೋರಿ. ಅಲ್ಲಿ ನಮ್ಮವರ ಸುದ್ದಿ ತಗೀಬ್ಯಾಡ್ರಿ. ನೀವು ಸಲಾಂ ಹೊಡದ್ರ ಮುಗೀತು. ಸಂಜಿಕ ಮಂದಿ ನನ್ನ ಹಣಿ ನೋಡ್ತಾರ."

"ಯಾರ ಹೆಸರೂ ತಗಿಯೂದಿಲ್ಲ, ತಂಗಿ. ಹೆಸರಿಲ್ಲದಾಂವಗ ಕೊಡೂ ಸಲಾಮಿ ಅದು."

"ಹೆಸರಿಲ್ಲದಾಂವ ಅಂದ್ರ ಯಾರರ ಆಗಬಹುದಲ್ರಿ?"

ಮಾವನವರ ಮನಸ್ಸಿನಲ್ಲಿ ಇದ್ದವನು ಯಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. "ನಾ ಅವತ್ತ ಆ ದಾರಿ ಹಿಡಿಯೂದಿಲ್ಲ," ಎಂದು ಆಕೆ ಹಾಲು ಅಳೆದು ಹೊರಟಳು.

ಸಲಾಮಿಗೆ ಬಂದೂಕು ಬೇಕು. ಊರಲ್ಲಿ ಬಂದೂಕಿಲ್ಲ. ಮಾವನವರ ಕಣ್ಣು ನನ್ನ ಒನಕೆಯ ಮೇಲೆ ಬಿತ್ತು.

"ಒನಕಿ ಹಿಡಕೊಂಡು ನಿಂತ್ರ ಮಂದಿ ಮದವಿ ಅಂತ ತಿಳಕೊಂಡು ಅಕ್ಕಿಕಾಳ ಹಾಕ್ಯಾರು," ಎಂದರು ಅತ್ತೆ.

ಕೊನೆಗೆ ಕಬ್ಬೇ ಗತಿಯಾಯಿತು. ಹೊಲದಲ್ಲಿ ಕಟಾವು ನಡೆದಿತ್ತು. ನೆಟ್ಟಗಿದ್ದ ಎರಡು ಗಳ ಆರಿಸಿ, ಬಂದೂಕಿನಳತೆಗೆ ಕಡಿದು, ಒಣಗಿದ ಗರಿಯ ರವದಿ ಸುಲಿದು, ಒದ್ದೆ ಬಟ್ಟೆಯಿಂದ ಒರೆಸಿ, ಹಾರೂಗೇರಿ ಪೇಟೆಯಿಂದ ತಂದ ಕಪ್ಪು ಬಟ್ಟೆಯನ್ನು ನಳಿಗೆಯ ತುದಿಗೆ ಸುತ್ತಿ, ಮೇಲೆ ಕೊಬ್ಬರಿ ಎಣ್ಣೆ ತಿಕ್ಕಿದರು.

"ನನ್ನ ಮೊಣಕಾಲಿಗೆ ಇಲ್ಲದ ಎಣ್ಣಿ ಕಬ್ಬಿಗೆ ಬಂತ ನೋಡ," ಎಂದು ಅತ್ತೆ ನನ್ನ ಕಡೆ ತಿರುಗಿದರು.

ಎರಡನೆಯ ಸಿಪಾಯಿ ಜುಗೂಳದಿಂದ ಬಸ್ಸಿನಲ್ಲಿ ಬಂದ. ಅವನೂ ನಿವೃತ್ತನೇ, ಆದರೆ ಪಲ್ಟಣದಲ್ಲಿ ಅಡುಗೆಯವನಾಗಿದ್ದವನು. ಬಂದವನೇ ನನ್ನ ಬದನೆಕಾಯಿ ಪಲ್ಯದ ರುಚಿ ನೋಡಿ ಉಪ್ಪು ಕಡಿಮೆಯೆಂದ. ಹಳೆಯ ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಕೂಡಲಿಲ್ಲ. ನಾನು ಎರಡು ಪಿನ್ನು ಹಾಕಿಕೊಟ್ಟೆ.

ಬಿಗುಲಿನ ಬದಲು ಊರ ಸನಾದಿಯವನನ್ನು ಕರೆಸಿದರು. "ನನಗ ಬರೂವು ಎರಡರೀ," ಎಂದ ಅವನು. "ಮದವೀದು ಒಂದು, ಸತ್ತವರ ಮಣ್ಣಿಂದು ಒಂದು."

ಮಾವನವರು ಹಿಂದಿನ ಓಣಿಯ ಕಡೆಗೊಮ್ಮೆ ನೋಡಿದರು. "ಮಣ್ಣಿಂದ ಊದಿದ್ರ ಆಕಿ ಮನಿತನಕ ಕೇಳತೈತಿ. ಮದವೀದ ಊದು. ಖರೆ, ಸಾವಕಾಶ ಊದು."

ಹೀಗಾಗಿ ಆ ದಿನ, ಬೀಗರು ಇಳಿಯುವಾಗ ಊದುವ ರಾಗವು ಜ್ವರ ಬಂದಂತೆ ನಿಧಾನವಾಗಿ ಕೇಳುತ್ತಿರಲು, ಕಬ್ಬು ಹೊತ್ತ ಇಬ್ಬರು ವೀರಗಲ್ಲಿನ ಎರಡೂ ಬದಿಗೆ ಬಂದು ನಿಂತರು. ಊರೆಲ್ಲ ನೆರೆದಿತ್ತು. ಮಾವನವರು ಕೂಗಿದರು: "ಶೋಕ್ ಶಸ್ತ್ರ್." ಕಬ್ಬುಗಳು ತಲೆಕೆಳಗಾದವು. ತುದಿ ಬೂಟಿನ ಮೇಲೆ, ಬುಡ ಮೇಲಕ್ಕೆ, ಕೈ ಅದರ ಮೇಲೆ, ತಲೆ ಕೆಳಗೆ. ಮೌನ ಶುರುವಾಯಿತು. ಸನಾದಿಯೂ ನಿಂತಿತು.

ಹಾಲಿನಾಕೆ ಹೇಳಿದಂತೆಯೇ ಆ ದಾರಿ ಬಿಟ್ಟು, ಸುತ್ತು ಹಾಕಿ ಎಮ್ಮೆಯನ್ನು ಹೊಳೆಗೆ ಹೊಡೆದುಕೊಂಡು ಹೋಗಿದ್ದಳು. ದಾರಿ ಬಿಟ್ಟದ್ದು ಆಕೆ, ಎಮ್ಮೆ ಬಿಟ್ಟಿರಲಿಲ್ಲ. ನೀರಿನಿಂದ ಎದ್ದದ್ದೇ ಅದು ದಿನಾ ಹಗ್ಗ ಬಿಗಿಸಿಕೊಳ್ಳುವ ಕಲ್ಲಿನ ಕಡೆ ಹೊರಟು ಬಂತು. ಅಲ್ಲಿ ನೋಡಿದರೆ ಸುಲಿದ ಕಬ್ಬು.

ಮೊದಲು ಅಡುಗೆಯವನ ಬಂದೂಕಿಗೆ ಬಾಯಿ ಹಾಕಿತು. ಅವನು ಕೈ ಸಡಿಲ ಬಿಟ್ಟ. ಹಸಿದು ಬಂದವರಿಗೆ ಇಲ್ಲವೆನ್ನುವುದು ಅವನಿಗೆ ರೂಢಿಯಿರಲಿಲ್ಲ. ಅದು ಮುಗಿದ ಮೇಲೆ ಎಮ್ಮೆ ಮಾವನವರ ಹತ್ತಿರ ಬಂತು. ಅವರು ಬಾಯಿಯ ಒಂದು ಮೂಲೆಯಿಂದ "ಹೈಕ್, ಹೈಕ್" ಎಂದು ಗದರಿದರೇ ಹೊರತು ಮೈ ಅಲುಗಿಸಲಿಲ್ಲ. ಎಮ್ಮೆ ನಡುವಿಗೆ ಬಾಯಿ ಹಾಕಿ ಲಟಕ್ಕನೆ ಮುರಿಯಿತು. ಉಳಿದ ತುಂಡಿನ ಮೇಲೆ ಮಾವನವರು ಮತ್ತೆ ಕೈಯಿಟ್ಟರು. ಬಂದೂಕು ಗಿಡ್ಡಾದಂತೆಲ್ಲ ಅವರು ಬಾಗುತ್ತ ಹೋದರು. ಹಿಂದೆ ನಿಂತವರಿಗೆ, ಪಾಪ, ಹವಾಲ್ದಾರರಿಗೆ ದುಃಖ ತಡೆಯದಾಗಿದೆ ಎನ್ನಿಸಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

ಆಕೆ ಸೆರಗು ಸಿಕ್ಕಿಸಿಕೊಂಡು ಓಡಿ ಬಂದು ಎಮ್ಮೆಯ ಹಗ್ಗ ಹಿಡಿದಳು. "ಅಣ್ಣಾರ, ಒಂದ ಏಟರ ಹಾಕಬಾರದೇನ್ರಿ ಇದಕ್ಕ?"

"ಅವರು ಈಗ ಮಾತಾಡೂದಿಲ್ಲಬೇ," ಎಂದರು ಅತ್ತೆ. "ಮೌನ ಮುಗಿದಿಲ್ಲ."

ಆಕೆ ತಿರುಗಿ ಹೋಗಬಹುದಿತ್ತು. ಆದರೆ ಎಲ್ಲರೂ ನಿಂತಿರುವಾಗ ನಡೆಯುವುದು ಹೇಗೆ? ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಳು. ಎಮ್ಮೆ ಕಬ್ಬು ಅಗಿಯುವುದೊಂದೇ ಕೇಳುತ್ತಿತ್ತು.

"ವಿಶ್ರಾಮ್" ಎಂದ ಮೇಲೆ ಮಾವನವರು ಸೊಂಟ ಹಿಡಿದುಕೊಂಡು ಮೆಲ್ಲಗೆ ನೆಟ್ಟಗಾದರು. "ಪಹರೇದಾಗಿದ್ದಾಂವ ಅಲಗಾಡಬಾರದು, ತಂಗಿ. ಬದಲಿ ಬರೂತನಕ ಜಾಗಾ ಬಿಡಂಗಿಲ್ಲ."

"ಬದಲಿ ಬರಲಿಲ್ಲಂದ್ರ?"

"ನಿಂತ ಇರ್ತಾನ."

ಆಕೆ ಕಲ್ಲಿನ ಹತ್ತಿರ ಹೋದಳು. "ಹಂಗಾದ್ರ ನಮ್ಮವರೂ ಎಲ್ಲೋ ನಿಂತಾರ," ಎಂದಳು. ಕಲ್ಲಿನ ಪೂಜೆಗೆಂದು ಅತ್ತೆಯವರು ತಂದಿದ್ದ ಕುಂಕುಮದ ಬಟ್ಟಲಿಗೆ ತಾನೇ ಕೈ ಹಾಕಿ, ಕಲ್ಲಿನ ಸಿಪಾಯಿಯ ಹಣೆಗೊಂದು ಬೊಟ್ಟಿಟ್ಟು, ಅದೇ ಬೆರಳನ್ನು ಎಲ್ಲರೆದುರಿಗೆ ತನ್ನ ಹಣೆಗೂ ಒತ್ತಿಕೊಂಡಳು. ಸಂಜೆ ಯಾರೂ ಅವಳ ಹಣೆಯ ಮಾತೆತ್ತಲಿಲ್ಲ. ಊರಿಗೆಲ್ಲ ಎಮ್ಮೆಯ ಮಾತೇ ಸಾಕಾಗಿತ್ತು.

ಮರುವರ್ಷ ಝಂಡಾವಂದನೆಯ ಮುಂಜಾನೆ ಆಕೆ ಹಾಲಿನ ಜೊತೆಗೆ ಎರಡು ಬಡಿಗೆ ತಂದಳು. ಒಂದು ತಾನು ಎಮ್ಮೆ ಕಾಯುವ ಬಡಿಗೆ. ಇನ್ನೊಂದು ಹಳೆಯದು, ಅವಳ ಗಂಡ ಭರತಿಯಾಗುವ ಮೊದಲು ಹಿಡಿದು ತಿರುಗುತ್ತಿದ್ದದ್ದು. ಅದಕ್ಕೆ ಎಣ್ಣೆ ಹಚ್ಚಿ ತಂದಿದ್ದಳು.

"ಇವನ್ನ ಯಾವ ಎಮ್ಮಿನೂ ತಿನ್ನಂಗಿಲ್ರಿ, ಅಣ್ಣಾರ," ಎಂದಳು. "ಕೆಲಸಾ ಮುಗದ ಮ್ಯಾಲ ಹಳೇದು ತಿರುಗಿ ಕೊಟ್ಟಬಿಡ್ರಿ. ಅವರು ಬಂದ್ರ ಕೇಳ್ತಾರ."