ಬ್ಯಾಕಿಂಗ್ ಇದೆ, ಗಾಡಿ ತೆಗೀರಿ

ಜಾವಳಿ ಹತ್ತಿರ ಕಾಫಿ ತೋಟದ ಬೇಲಿ ಪಕ್ಕ ನಮ್ಮ ಬಾಡಿಗೆ ಕ್ಯಾರವಾನ್ ನಿಲ್ಲಿಸಿದ್ದೆವು. ಅಮ್ಮ ಹಾಸಿಗೆಗಳನ್ನು ಬಿಸಿಲಿಗೆ ಹರಡಿದ್ದಳು. ತೋಟದ ಯಜಮಾನರು ಬಂದು, "ಬ್ಯಾಕಿಂಗ್ ಇದೆ, ಗಾಡಿ ತೆಗೀರಿ" ಅಂದರು.

ನಮ್ಮನ್ನು ಓಡಿಸುವ ನೆಪ ಅನ್ನಿಸಿತು ನನಗೆ. "ಇಷ್ಟು ಹೊತ್ತು ಒಂದು ಸೈಕಲ್ಲೂ ಬಂದಿಲ್ಲ. ಬ್ಯಾಕಿಂಗ್ ಮಾಡೋ ಗಾಡಿ ಯಾವುದು ಸರ್? ರಸ್ತೆ ಪಂಚಾಯ್ತಿದು ತಾನೆ?" ಅಂತ ವಾದಕ್ಕೆ ನಿಂತೆ.

ಅವರು ಉತ್ತರಿಸುವ ಮೊದಲೇ ತೋಟದೊಳಗೆ ಪಂಪು ಶುರುವಾಯಿತು. ಸ್ಪ್ರಿಂಕ್ಲರ್ ನೀರು ಬೇಲಿ ದಾಟಿ ಬಂದು ಹಾಸಿಗೆಗಳನ್ನೆಲ್ಲ ತೋಯಿಸಿತು.

"ಹೂ ಅರಳಲಿಕ್ಕೆ ಮೊದಲ ನೀರು. ಹೂ ಉದುರಿದ ಮೇಲೆ ಕೊಡೋ ಎರಡನೇ ನೀರೇ ಬ್ಯಾಕಿಂಗ್, ಮಾರಾಯ" ಅಂದರು ಯಜಮಾನರು. "ಇನ್ನೇನು, ರಾತ್ರಿ ನಮ್ಮನೇಲೇ ಮಲಗಿ."

ಅಪ್ಪ ತಕ್ಷಣ ಒಪ್ಪಿಬಿಟ್ಟರು. ನಾನು ಮಾತ್ರ ಮೊದಲೇ ಕೇಳಿದೆ: "ನಿಮ್ಮ ಕಡೆ ಮಲಗೋದು ಅಂದ್ರೆ ಮಲಗೋದೇ ತಾನೆ?"